ಬೆಳಗಾದ ಮೇಲೆ ಬಂದ ಸಾವು

ಹೆದರಿಸುವ ಸಿನೆಮಾಗಳ ಬಗ್ಗೆ ನಮ್ಮ ಓದುಬರಹದ ವಲಯದಲ್ಲಿ ಮೊದಲಿನಿಂದಲೂ ಒಂದು ತಾತ್ಸಾರವಿದೆ. ಹೆಣ ಏಳುವುದು, ರಕ್ತ ಚೆಲ್ಲುವುದು, ಹೆಂಗಸರು ಕಿರುಚುವುದು ಇವೆಲ್ಲ ಕಾಲೇಜು ಹುಡುಗರ ಖಯಾಲಿ ಎಂದು ತಿಳಿದವರೇ ಹೆಚ್ಚು. ನಾವೂ ಆ ಸಾಲಿನಲ್ಲೇ ಕುಳಿತಿದ್ದವರು. ಆದ್ದರಿಂದಲೇ ಜಾರ್ಜ್ ರೊಮೆರೊ ನಿರ್ದೇಶಿಸಿದ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಎಂಬ ಅಮೆರಿಕನ್ ಚಿತ್ರ 1968ರಲ್ಲೇ ತೆರೆ ಕಂಡಿದ್ದರೂ ನಾವು ಅದನ್ನು ನೋಡಿದ್ದು ನಲವತ್ತು ದಾಟಿದ ಮೇಲೆ, ತೀರಾ ಇತ್ತೀಚೆಗೆ. ಲೋಕ ಮುಗಿಯುವ ಕಥೆ ಹೇಳುವ ಚಿತ್ರಗಳಲ್ಲಿ ಇದಕ್ಕೆ ಒಂದು ಪಂಥವೇ ಇದೆ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಊರುಗಳಲ್ಲಿ ಇದನ್ನು ನಡುರಾತ್ರಿಯ ಆಟವಾಗಿ ಮತ್ತೆ ಮತ್ತೆ ಹಾಕುತ್ತಿದ್ದರು, ಜನ ಮತ್ತೆ ಮತ್ತೆ ಬರುತ್ತಿದ್ದರು. ಇಂದು ಲೋಕದ ತುಂಬ ಓಡಾಡುತ್ತಿರುವ ‘ಜಾಂಬಿ’ ಚಿತ್ರಗಳಿಗೆಲ್ಲ ಇದೇ ಮೂಲ ಎನ್ನುತ್ತಾರೆ. ವಿಚಿತ್ರವೆಂದರೆ ಈ ಚಿತ್ರದಲ್ಲಿ ಜಾಂಬಿ ಎಂಬ ಪದವೇ ಇಲ್ಲ.

ಇರುವ ಪದ ಬೇರೆ. ರೇಡಿಯೋದವನು, ಟಿವಿಯವನು ಆ ಎದ್ದ ಹೆಣಗಳನ್ನು ‘ಗೂಲ್’ ಎನ್ನುತ್ತಾರೆ. ಉರ್ದು ಶಾಲೆಯ ಮಣೆಯ ಮೇಲೆ ಕುಳಿತು ಬಂದ ಕಿವಿಗೆ ಈ ಪದ ಪೆನ್ಸಿಲ್ವೇನಿಯಾದ ಒಂದು ಹೊಲದ ಮನೆಯಿಂದ ಕೇಳಿಬಂದಾಗ ಬೆಚ್ಚಿಬೀಳದೆ ಇರಲಾಗುವುದಿಲ್ಲ. ಇದು ನಮ್ಮ ಗೂಲ್. ಅರಬರ ಹಳೆಯ ಕಥೆಗಳಲ್ಲಿ ಮರುಭೂಮಿಯಲ್ಲಿ ಒಂಟಿ ಪ್ರಯಾಣಿಕರ ದಾರಿ ತಪ್ಪಿಸುವ, ರೂಪ ಬದಲಿಸುವ ಪಿಶಾಚಿ. ಫಾರ್ಸಿ, ಉರ್ದುಗಳಿಗೆ ಬಂದು ಅದು ಗೂಲ್-ಎ-ಬಯಾಬಾನಿ ಆಯಿತು. 18ನೇ ಶತಮಾನದ ಆರಂಭದಲ್ಲಿ ಗಾಲಾಂ ಎಂಬ ಫ್ರೆಂಚ್ ವಿದ್ವಾಂಸ ಅರೇಬಿಯನ್ ನೈಟ್ಸ್ ಅನ್ನು ತನ್ನ ಭಾಷೆಗೆ ತಂದಾಗ ಅದರಲ್ಲಿ ಸೀದಿ ನೂಮಾನನ ಕಥೆಯೂ ಇತ್ತು. ಅವನ ಹೆಂಡತಿ ರಾತ್ರಿ ಎದ್ದುಹೋಗಿ ಗೋರಿಗಳ ನಡುವೆ ಗೂಲ್ ಜೊತೆ ಕೂತು ಹೆಣ ತಿನ್ನುತ್ತಾಳೆ. 1786ರಲ್ಲಿ ಬೆಕ್‌ಫರ್ಡ್‌ನ ‘ವಾಥೆಕ್’ ಕಾದಂಬರಿಯ ಮೂಲಕ ಪದ ಇಂಗ್ಲಿಷಿಗೂ ದಾಟಿತು. ಅಲ್ಲಿಂದ ಅಮೆರಿಕದ ಹೊಲದ ಮನೆಗೆ. ದಾರಿ ತಪ್ಪಿಸುವ ಪಿಶಾಚಿ ತಾನೇ ಎಷ್ಟು ದೂರ ದಾರಿ ನಡೆದಿದೆ ನೋಡಿ.

ಇನ್ನೂ ಒಂದು ಮಾತಿದೆ. ಉರ್ದುವಿನಲ್ಲಿ ಗೈನ್, ವಾವ್, ಲಾಮ್ ಎಂಬ ಮೂರು ಅಕ್ಷರ ಬರೆದರೆ ಅದನ್ನು ಗೂಲ್ ಎಂದೂ ಓದಬಹುದು, ಗೋಲ್ ಎಂದೂ ಓದಬಹುದು. ಗೂಲ್ ಎಂದರೆ ಪಿಶಾಚಿ. ಗೋಲ್ ಎಂದರೆ ಗುಂಪು, ಹಿಂಡು. (ದುಂಡಗೆ ಎಂಬ ಅರ್ಥದ ಗೋಲ್ ಬೇರೆ, ಅದರ ಮೊದಲ ಅಕ್ಷರವೂ ಬೇರೆ.) ಎರಡರ ಮೂಲ ಒಂದೇ ಅಲ್ಲ, ಆದರೆ ಬರಹದಲ್ಲಿ ಎರಡಕ್ಕೂ ಒಂದೇ ಮುಖ. ರೊಮೆರೊಗೆ ಉರ್ದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಆದರೆ ಅವನ ಚಿತ್ರವನ್ನು ಓದಲು ನಮಗೆ ಈ ಮೂರು ಅಕ್ಷರಗಳಷ್ಟು ನೆರವಾದದ್ದು ಮತ್ತೊಂದಿಲ್ಲ. ಚಿತ್ರದಲ್ಲಿ ಎರಡು ಹಿಂಡುಗಳಿವೆ. ಒಂದು ರಾತ್ರಿ ಬರುತ್ತದೆ, ಇನ್ನೊಂದು ಬೆಳಿಗ್ಗೆ.

ಕಥೆ ಚಿಕ್ಕದು. ಬಾರ್ಬ್ರಾ ಮತ್ತು ಜಾನಿ ಎಂಬ ಅಕ್ಕತಂಗಿ-ಅಣ್ಣತಮ್ಮ ವಯಸ್ಸಿನ ಒಡಹುಟ್ಟಿದವರು ತಂದೆಯ ಗೋರಿಗೆ ಹೂಮಾಲೆ ಇಡಲು ದೂರದ ಸ್ಮಶಾನಕ್ಕೆ ಬರುತ್ತಾರೆ. ಜಾನಿಗೆ ಇದು ಬೇಸರದ ಕೆಲಸ, ಒಡಹುಟ್ಟಿದವಳನ್ನು ಹೆದರಿಸಿ ನಗುತ್ತಾನೆ. ದೂರದಲ್ಲಿ ತೂರಾಡುತ್ತ ಬರುವ ಎತ್ತರದ ಮನುಷ್ಯ ನಿಜಕ್ಕೂ ಮೇಲೆ ಬೀಳುತ್ತಾನೆ, ಹೊಯ್ದಾಟದಲ್ಲಿ ಜಾನಿಯ ತಲೆ ಗೋರಿಯ ಕಲ್ಲಿಗೆ ಬಡಿಯುತ್ತದೆ. ಬಾರ್ಬ್ರಾ ಓಡಿ ಒಂದು ಖಾಲಿ ಮನೆ ಸೇರುತ್ತಾಳೆ. ಅಲ್ಲಿಗೆ ಬೆನ್ ಎಂಬ ಕರಿಯ ಯುವಕ ಪೆಟ್ರೋಲ್ ಮುಗಿಯುತ್ತಿರುವ ವಾಹನದಲ್ಲಿ ಬರುತ್ತಾನೆ, ಮೇಜು ಬಾಗಿಲುಗಳ ಹಲಗೆ ಕಿತ್ತು ಕಿಟಕಿಗಳಿಗೆ ಮೊಳೆ ಹೊಡೆಯುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಮನೆಯ ನೆಲಮಾಳಿಗೆಯಲ್ಲಿ ಇನ್ನೂ ಐವರು ಅಡಗಿದ್ದಾರೆ: ಹ್ಯಾರಿ ಕೂಪರ್, ಅವನ ಹೆಂಡತಿ ಹೆಲೆನ್, ಹೆಣವೊಂದು ಕಚ್ಚಿ ಜ್ವರದಲ್ಲಿ ಮಲಗಿರುವ ಮಗಳು ಕ್ಯಾರೆನ್, ಟಾಮ್ ಮತ್ತು ಜೂಡಿ ಎಂಬ ಎಳೆಯ ಜೋಡಿ. ಹೊರಗೆ ಹೆಣಗಳು, ಒಳಗೆ ಏಳು ಜನ. ಬೆಳಗಾಗುವಷ್ಟರಲ್ಲಿ ಉಳಿಯುವವನು ಒಬ್ಬ. ಬೆಳಗಾದ ಮೇಲೆ ಅವನೂ ಇಲ್ಲ.

ಇದನ್ನು 1967ರಲ್ಲಿ ಪಿಟ್ಸ್‌ಬರ್ಗ್ ಸುತ್ತಮುತ್ತ ಜಾಹೀರಾತು ಚಿತ್ರ ಮಾಡಿಕೊಂಡಿದ್ದ ಹುಡುಗರ ಗುಂಪೊಂದು ಕೈಯಿಂದ ಹಣ ಹಾಕಿ ತೆಗೆಯಿತು. ಖರ್ಚು ಸುಮಾರು 1,14,000 ಡಾಲರ್, ಹಾಲಿವುಡ್‌ನ ಲೆಕ್ಕದಲ್ಲಿ ಚಿಲ್ಲರೆ. ಕಪ್ಪುಬಿಳುಪು ಆರಿಸಿಕೊಂಡದ್ದು ದುಡ್ಡಿಲ್ಲದ್ದಕ್ಕೆ, ರಕ್ತವಾಗಿ ಬಳಸಿದ್ದು ಚಾಕೊಲೇಟ್ ಪಾಕ. ಹಣ ಹಾಕಿದವರೇ ನಟರು: ಹ್ಯಾರಿ, ಹೆಲೆನ್ ಪಾತ್ರ ಮಾಡಿದ ಇಬ್ಬರೂ ನಿರ್ಮಾಣದ ಪಾಲುದಾರರು, ಕ್ಯಾರೆನ್ ಆದವಳು ಹ್ಯಾರಿಯ ಪಾತ್ರಧಾರಿಯ ಸ್ವಂತ ಮಗಳು. ಟಿವಿ ವರದಿಗಾರನಾಗಿ ಬರುವವನು ಆ ಊರಿನ ಟಿವಿಯಲ್ಲಿ ನಿಜಕ್ಕೂ ಕೆಲಸ ಮಾಡುತ್ತಿದ್ದವನು. ಕೊನೆಯ ಗಳಿಗೆಯಲ್ಲಿ ಚಿತ್ರದ ಹೆಸರು ಬದಲಾಯಿಸಿದಾಗ ಹಳೆಯ ಹೆಸರಿನ ಜೊತೆ ಹಕ್ಕುಸ್ವಾಮ್ಯದ ಸಾಲೂ ಅಳಿಸಿಹೋಯಿತು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಆ ಒಂದು ಸಾಲಿಲ್ಲದಿದ್ದರೆ ಕೃತಿ ಎಲ್ಲರ ಸ್ವತ್ತು. ಯಾರು ಬೇಕಾದರೂ ಪ್ರತಿ ತೆಗೆದು ಮಾರಿದರು, ಮಾಡಿದವರ ಕೈಗೆ ಸಿಗಬೇಕಾದ ಬಹುಪಾಲು ದುಡ್ಡು ಸಿಗಲಿಲ್ಲ. ಆದರೆ ಚಿತ್ರ ಮಾತ್ರ ಹಬ್ಬಿತು. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಇದನ್ನು ಕರೆದು ತೋರಿಸಿತು, 1999ರಲ್ಲಿ ಅಮೆರಿಕ ಸರ್ಕಾರ ಕಾಪಿಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು.

ನಮ್ಮ ಜೊತೆ ಚಿತ್ರ ನೋಡಿದವನು ತಂಗಿಯ ಮಗ. ಇಂಜಿನಿಯರಿಂಗ್ ಓದುವ ಹುಡುಗ, ಕೊರಿಯಾದ ‘ಟ್ರೈನ್ ಟು ಬುಸಾನ್’ನಲ್ಲಿ ಕುದುರೆಯಂತೆ ಓಡುವ ಹೆಣಗಳನ್ನು ಕಂಡವನು. ಅವನಿಗೆ ಇವು ತಮಾಷೆ. “ಮಾಮೂ, ಇವುಗಳಿಂದ ನಡ್ಕೊಂಡೇ ತಪ್ಪಿಸ್ಕೋಬಹುದಲ್ಲ!” ಅಂದ. ನಿಜ, ನಡೆದೇ ತಪ್ಪಿಸಿಕೊಳ್ಳಬಹುದು. ಬೆನ್ ಒಂದೆರಡು ಸಲ ಹಾಗೆಯೇ ತಪ್ಪಿಸಿಕೊಳ್ಳುತ್ತಾನೆ ಕೂಡ. ಈ ಹೆಣಗಳಿಗೆ ಬುದ್ಧಿಯಿಲ್ಲ, ವೇಗವಿಲ್ಲ, ಬೆಂಕಿ ಕಂಡರೆ ಹಿಂದೆ ಸರಿಯುತ್ತವೆ. ಹಾಗಿದ್ದೂ ಏಳು ಜನ ಸಾಯುತ್ತಾರೆ. ಯಾಕೆ ಎಂಬುದೇ ಚಿತ್ರದ ವಿಷಯ.

ದೋಷಗಳನ್ನು ಮೊದಲು ಹೇಳಿ ಮುಗಿಸಿಬಿಡುತ್ತೇವೆ. ಸಂಗೀತ ಎಲ್ಲಿಂದಲೋ ಎತ್ತಿ ತಂದದ್ದು, ಹೆದರಿ ಹೆದರಿ ಎಂದು ಕೂಗಿ ಹೇಳುತ್ತದೆ. ಶುಕ್ರಗ್ರಹದಿಂದ ವಾಪಸಾಗುತ್ತಿದ್ದ ನೌಕೆಯ ವಿಕಿರಣದಿಂದ ಹೆಣಗಳು ಎದ್ದಿರಬಹುದು ಎಂಬ ವಿವರಣೆ ಬೇಕಿರಲಿಲ್ಲ, ಪುಣ್ಯಕ್ಕೆ ಅದನ್ನು ಹೇಳುವವರಿಗೇ ಅದರಲ್ಲಿ ನಂಬಿಕೆಯಿದ್ದಂತಿಲ್ಲ. ದೊಡ್ಡ ದೋಷ ಬಾರ್ಬ್ರಾ. ಮೊದಲ ಹತ್ತು ಹದಿನೈದು ನಿಮಿಷ ಕಥೆ ಅವಳದು. ನಾವು ಅವಳ ಕಣ್ಣಿನಿಂದಲೇ ನೋಡುತ್ತೇವೆ, ಅವಳ ಜೊತೆಯೇ ಓಡುತ್ತೇವೆ. ಆಮೇಲೆ ಅವಳನ್ನು ಸೋಫಾದ ಮೇಲೆ ಕೂರಿಸಿ ಮರೆತುಬಿಡುತ್ತಾರೆ. ಆಘಾತದಿಂದ ಮಾತು ನಿಂತವರನ್ನು ನಾವೂ ಕಂಡಿದ್ದೇವೆ; ಅಂಥವರ ಮೌನದೊಳಗೆ ಏನೋ ನಡೆಯುತ್ತಿರುತ್ತದೆ. ಇಲ್ಲಿ ಏನೂ ನಡೆಯುವುದಿಲ್ಲ. ಬೆನ್ ಅವಳ ಮುಖಕ್ಕೆ ಗುದ್ದಿ ಮಲಗಿಸುತ್ತಾನೆ, ಚಿತ್ರಕ್ಕೆ ಅದು ಅನುಕೂಲದ ಕೆಲಸವಾಗಿ ಮಾತ್ರ ಕಾಣುತ್ತದೆ. 1990ರಲ್ಲಿ ಇದೇ ಕಥೆಯನ್ನು ಟಾಮ್ ಸವೀನಿ ಮತ್ತೆ ತೆಗೆದಾಗ ರೊಮೆರೊ ತಾನೇ ಬರೆದ ಚಿತ್ರಕಥೆಯಲ್ಲಿ ಬಾರ್ಬ್ರಾಳ ಕೈಗೆ ಬಂದೂಕು ಕೊಟ್ಟ. ಸಾಲ ತೀರಿಸಿದಂತೆ.

ಇನ್ನು ನೆಲಮಾಳಿಗೆಯ ಜಗಳಕ್ಕೆ ಬರೋಣ. ನಮ್ಮ ಮಟ್ಟಿಗೆ ಚಿತ್ರದ ಜೀವ ಇಲ್ಲಿದೆ. ಹ್ಯಾರಿಯ ವಾದ: ಎಲ್ಲರೂ ಕೆಳಗೆ ಇಳಿಯೋಣ, ಒಂದೇ ಬಾಗಿಲು, ಭದ್ರ ಮಾಡಿ ಕೂತುಬಿಡೋಣ. ಬೆನ್‌ನ ವಾದ: ಕೆಳಗಿಳಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಅದು ಇಲಿಬೋನು, ಮೇಲೆ ಇದ್ದು ಕಾದಾಡೋಣ. ಹ್ಯಾರಿ ಹೇಡಿ, ಸ್ವಾರ್ಥಿ, ಹೆಂಡತಿಗೂ ಬೇಡವಾದವನು. ಬೆನ್ ಧೈರ್ಯವಂತ, ಕೈಯಲ್ಲಿ ಕೆಲಸ ಬಲ್ಲವನು, ಮಾತಿನಲ್ಲಿ ಗತ್ತಿರುವವನು. ಯಾವ ಪ್ರೇಕ್ಷಕನಾದರೂ ಬೆನ್ ಕಡೆಗೇ ನಿಲ್ಲುತ್ತಾನೆ. ಆದರೆ ನಡೆಯುವುದೇನು? ಬೆನ್ ಹಾಕಿದ ಯೋಜನೆಯಂತೆ ಪೆಟ್ರೋಲ್ ತುಂಬಿಸಲು ಹೋದಾಗ ನೆಲದ ಮೇಲಿಟ್ಟ ಪಂಜಿಗೆ ಪೆಟ್ರೋಲ್ ಚೆಲ್ಲಿ ವಾಹನ ಹತ್ತಿಕೊಳ್ಳುತ್ತದೆ, ಟಾಮ್ ಜೂಡಿ ಇಬ್ಬರೂ ಸುಟ್ಟುಹೋಗುತ್ತಾರೆ. ಬೆನ್ ಓಡಿ ಬಂದಾಗ ಹ್ಯಾರಿ ಬಾಗಿಲು ತೆಗೆಯುವುದಿಲ್ಲ. ಬೆನ್ ಒದ್ದು ಒಳಬಂದು ಅವನನ್ನು ಹಿಡಿದು ಬಡಿಯುತ್ತಾನೆ. ಕೊನೆಗೆ ಹೆಣಗಳು ಕಿಟಕಿ ಮುರಿಯುತ್ತಿರುವ ಹೊತ್ತಿಗೆ, ಬಂದೂಕು ಕಿತ್ತುಕೊಂಡ ಹ್ಯಾರಿಯ ಕೈಯಿಂದ ಅದನ್ನು ಮತ್ತೆ ಕಿತ್ತು, ಅವನಿಗೇ ಗುಂಡು ಹಾರಿಸುತ್ತಾನೆ. ಇಡೀ ಚಿತ್ರದಲ್ಲಿ ಜೀವಂತ ಮನುಷ್ಯನೊಬ್ಬ ಇನ್ನೊಬ್ಬ ಜೀವಂತ ಮನುಷ್ಯನನ್ನು ಕೊಲ್ಲುವುದೆಂದು ಗೊತ್ತಿದ್ದೇ ಕೊಲ್ಲುವುದು ಅದೊಂದೇ ಸಲ, ಕೊಲ್ಲುವವನು ನಮ್ಮ ನಾಯಕ. ಎಲ್ಲ ಮುಗಿದ ಮೇಲೆ ಬೆನ್ ಜೀವ ಉಳಿಸಿಕೊಳ್ಳುವುದು ಎಲ್ಲಿ? ಅದೇ ನೆಲಮಾಳಿಗೆಯಲ್ಲಿ. ಹ್ಯಾರಿ ಹೇಳಿದ್ದೇ ಸರಿಯಾಗಿತ್ತು.

ಕಥೆ ಬರೆಯುವ ನಮಗೆ ಈ ತಿರುವು ಬಹಳ ದಿನ ಕಾಡುವಂಥದ್ದು. ಬೆನ್ ಪಾತ್ರವನ್ನು ಮೊದಲು ಒರಟು ಲಾರಿ ಚಾಲಕನಾಗಿ ಬರೆದಿದ್ದರಂತೆ. ಪರೀಕ್ಷೆಗೆ ಬಂದವರಲ್ಲಿ ಡ್ವೇನ್ ಜೋನ್ಸ್ ಚೆನ್ನಾಗಿ ಮಾಡಿದ, ಅದಕ್ಕೇ ತೆಗೆದುಕೊಂಡೆವು, ಬಣ್ಣ ನೋಡಿ ಅಲ್ಲ ಎಂದು ರೊಮೆರೊ ಮತ್ತೆ ಮತ್ತೆ ಹೇಳಿದ್ದಾನೆ. ಓದಿಕೊಂಡ ಮನುಷ್ಯನಾದ ಜೋನ್ಸ್ ತನ್ನ ಮಾತುಗಳನ್ನು ತಾನೇ ತಿದ್ದಿಕೊಂಡ. ಹೀಗಾಗಿ ಚಿತ್ರದಲ್ಲಿ ಯಾರೂ ಒಂದು ಸಲವೂ ಬೆನ್‌ನ ಬಣ್ಣದ ಮಾತೆತ್ತುವುದಿಲ್ಲ. ಇದರ ಹಿಂದಿನ ವರ್ಷವಷ್ಟೇ, 1967ರಲ್ಲಿ, ಸಿಡ್ನಿ ಪಾಯ್ಟಿಯೆ ನಟಿಸಿದ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ಬಂದಿತ್ತು. ಬಿಳಿ ಹುಡುಗಿಯನ್ನು ಮದುವೆಯಾಗಬಯಸುವ ಆ ಕರಿಯ ನಾಯಕ ವೈದ್ಯ, ಅದೂ ಜಗತ್ಪ್ರಸಿದ್ಧ ವೈದ್ಯ, ನಡೆನುಡಿಯಲ್ಲಿ ಕೂದಲಷ್ಟೂ ಕೊರತೆಯಿಲ್ಲದವನು. ಬಿಳಿಯರ ಮನೆಯ ಬಾಗಿಲು ತಟ್ಟಬೇಕಾದರೆ ಅಷ್ಟೆಲ್ಲ ಆಗಿರಬೇಕು. ನಮ್ಮಲ್ಲಿ ಈ ಲೆಕ್ಕ ಗೊತ್ತಿಲ್ಲದವರಿಲ್ಲ. 1975ರ ‘ಶೋಲೆ’ಯಲ್ಲಿ ಎ.ಕೆ. ಹಂಗಲ್ ಮಾಡಿದ ಕುರುಡ ಇಮಾಮ್ ಸಾಹೇಬರನ್ನು ನೆನಪಿಸಿಕೊಳ್ಳಿ. ಕಣ್ಣಿಲ್ಲ, ಇದ್ದೊಬ್ಬ ಮಗನೂ ಊರಿಗಾಗಿ ಸತ್ತ, ಅವರು ಮಾತ್ರ ಊರಿಗೆ ಧೈರ್ಯ ಹೇಳಿ ನಮಾಜಿಗೆ ಹೋಗುತ್ತಾರೆ. ಆ ದೃಶ್ಯಕ್ಕೆ ನಾವೂ ಅತ್ತವರೇ. ಆದರೆ ಬರೆಯಲು ಕುಳಿತಾಗ ಅದೇ ರಹೀಮ್ ಚಾಚಾ ನಮ್ಮ ಎದುರು ಬಂದು ಕೂರುತ್ತಾರೆ. ನಾವು ಬರೆದ ಸಾಬರ ಪಾತ್ರ ಸ್ವಲ್ಪ ಜಿಪುಣನಾದರೆ, ಹೆಂಡತಿಯ ಮೇಲೆ ರೇಗಿದರೆ, ಸಮುದಾಯದ ಹಿರಿಯರೊಬ್ಬರು ಕೇಳುತ್ತಾರೆ, ನಮ್ಮವರನ್ನು ಹೀಗೆ ತೋರಿಸಬೇಕಾ? ಹೊರಗಿನ ಓದುಗರೊಬ್ಬರು ಬೆನ್ನು ತಟ್ಟುತ್ತಾರೆ, ಧೈರ್ಯವಾಗಿ ಒಳಗಿನ ಸತ್ಯ ಹೇಳಿದಿರಿ! ಎರಡೂ ಮಾತಿನಲ್ಲಿ ಇರುವುದು ಒಂದೇ ಕರಾರು: ಈ ಮನುಷ್ಯನ ಸಾವಿಗೆ ಅಳಬೇಕಾದರೆ ಮೊದಲು ಅವನು ಒಳ್ಳೆಯವನು ಎಂದು ಸಾಬೀತಾಗಬೇಕು.

ಬೆನ್ ಆ ಕರಾರಿಗೆ ಸಹಿ ಹಾಕುವುದಿಲ್ಲ. ಅವನು ಹೆಂಗಸಿಗೆ ಹೊಡೆದಿದ್ದಾನೆ, ಅವನ ಅಂದಾಜು ತಪ್ಪಿ ಇಬ್ಬರು ಸತ್ತಿದ್ದಾರೆ, ಒಬ್ಬನನ್ನು ಅವನೇ ಕೊಂದಿದ್ದಾನೆ. ಇಷ್ಟನ್ನೂ ತೋರಿಸಿದ ಮೇಲೆಯೇ ಚಿತ್ರ ನಮ್ಮನ್ನು ಬೆಳಗಿಗೆ ಕರೆತರುತ್ತದೆ.

ಬೆಳಿಗ್ಗೆ ಹೊಲದ ಮೇಲೆ ಹೆಲಿಕಾಪ್ಟರ್ ಹಾರುತ್ತದೆ. ಕೆಳಗೆ ಬಂದೂಕು ಹೆಗಲಿಗಿಟ್ಟ ಗಂಡಸರ ಸಾಲು, ಹಗ್ಗ ಜಗ್ಗುವ ನಾಯಿಗಳು, ಕುಡಿಯಲು ಕಾಫಿ. ಎಲ್ಲ ಬಿಳಿಯರು. ಷೆರೀಫ್ ಗತ್ತಿನಿಂದ ಟಿವಿಗೆ ಹೇಳಿಕೆ ಕೊಡುತ್ತಾನೆ, ತಲೆಗೆ ಹೊಡೆದರೆ ಆಯಿತು, ಆಮೇಲೆ ಸುಟ್ಟುಬಿಡಿ. ಬೇಟೆಯ ಹಬ್ಬದ ಹುರುಪು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಬೀದಿಗಳಲ್ಲಿ ಕರಿಯ ಮಕ್ಕಳ ಮೇಲೆ ಪೋಲೀಸರು ನಾಯಿ ಬಿಟ್ಟ ಚಿತ್ರಗಳನ್ನು ಅಮೆರಿಕದ ಪ್ರೇಕ್ಷಕರು ಆಗಲೇ ಪತ್ರಿಕೆಗಳಲ್ಲಿ ಕಂಡಿದ್ದರು. ವಿಯೆಟ್ನಾಮಿನ ಹೆಲಿಕಾಪ್ಟರುಗಳನ್ನು ಪ್ರತಿ ಸಂಜೆ ಟಿವಿಯಲ್ಲಿ ಕಾಣುತ್ತಿದ್ದರು. ಮನುಷ್ಯರ ಸದ್ದು ಕೇಳಿ ಬೆನ್ ನೆಲಮಾಳಿಗೆಯಿಂದ ಮೇಲೆ ಬರುತ್ತಾನೆ, ಎಚ್ಚರದಿಂದ ಕಿಟಕಿಯಲ್ಲಿ ಇಣುಕುತ್ತಾನೆ. ಷೆರೀಫ್ ತೋರಿಸುತ್ತಾನೆ, ಒಬ್ಬ ಗುರಿಯಿಡುತ್ತಾನೆ. ಹಣೆಗೆ ಒಂದೇ ಗುಂಡು. ಒಳ್ಳೆಯ ಗುರಿ ಎಂದು ಹೊಗಳಿ ಷೆರೀಫ್ ಮುಂದೆ ನಡೆಯುತ್ತಾನೆ.

ಹುಡುಗ ಇಲ್ಲಿ ಚಿತ್ರ ನಿಲ್ಲಿಸಿ ಹಿಂದೆ ಓಡಿಸಿದ. ಮತ್ತೆ ನೋಡಿದ. “ದೂರದಿಂದ ಗೊತ್ತಾಗಿಲ್ಲ ಮಾಮೂ, ಹೆಣ ಅಂದ್ಕೊಂಡಿದಾನೆ” ಅಂದ. ಮತ್ತೊಮ್ಮೆ ನೋಡಿದ. “ಆದ್ರೆ ಕೂಗಿ ಕೇಳಬಹುದಿತ್ತಲ್ಲ?” ಅಂದ.

ಈ ಎರಡು ಮಾತುಗಳ ನಡುವೆ ಅಮೆರಿಕದ ವಿಮರ್ಶಕರು ಅರ್ಧ ಶತಮಾನದಿಂದ ಓಡಾಡುತ್ತಿದ್ದಾರೆ. ಅದು ಜನಾಂಗದ್ವೇಷದ ಗುಂಡೋ, ಬರೀ ಪ್ರಮಾದವೋ? ತೀರ್ಮಾನಿಸಲು ಬೇಕಾದ ಒಂದು ಸುಳಿವನ್ನೂ ಚಿತ್ರ ಕೊಡುವುದಿಲ್ಲ. ಹೊಡೆದವನ ಮುಖದಲ್ಲಿ ದ್ವೇಷವಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಇದನ್ನು ಕೆಲವರು ಚಿತ್ರದ ಕೊರತೆ ಎನ್ನಬಹುದು. ನಮಗೆ ಹಾಗನ್ನಿಸುವುದಿಲ್ಲ. ದ್ವೇಷ ಇದ್ದಿದ್ದರೆ ಅಲ್ಲೊಬ್ಬ ಮನುಷ್ಯನಿದ್ದಾನೆ ಎಂದಾದರೂ ಕಂಡಿರಬೇಕಿತ್ತು. ಇಲ್ಲಿ ಕಂಡದ್ದು ಕಿಟಕಿಯಲ್ಲಿ ಅಲ್ಲಾಡಿದ ಒಂದು ಆಕಾರ. ಆಕಾರ ಕಂಡರೆ ಏನು ಮಾಡಬೇಕೆಂದು ಮೊದಲೇ ತೀರ್ಮಾನವಾಗಿದೆ. ರಾತ್ರಿಯ ಹೆಣಗಳೂ ಹೀಗೆಯೇ, ಅವಕ್ಕೂ ಯಾರ ಮೇಲೂ ದ್ವೇಷವಿರಲಿಲ್ಲ. ಗೂಲ್, ಗೋಲ್.

ಸತ್ತವರು ಏಳುವ ಕಥೆ ನಮಗೆ ಹೊಸದಲ್ಲ. ಕಿಯಾಮತ್‌ನ ದಿನ ಗೋರಿಗಳು ತೆರೆಯುತ್ತವೆ, ಎಲ್ಲರೂ ಹಶ್ರ್‌ನ ಮೈದಾನದಲ್ಲಿ ನಿಲ್ಲುತ್ತಾರೆ, ತಾಯಿಗೆ ಮಗುವಿನ ಧ್ಯಾನ ಇರುವುದಿಲ್ಲ, ನಫ್ಸಿ ನಫ್ಸಿ ಎಂದು ಪ್ರತಿಯೊಬ್ಬರೂ ತಂತಮ್ಮ ಚಿಂತೆಯಲ್ಲಿ ಕೂಗುತ್ತಾರೆ ಎಂದು ಅಜ್ಜಿಯಂದಿರು ಹೇಳುವಾಗ ನಮ್ಮ ಕೈಕಾಲು ತಣ್ಣಗಾಗುತ್ತಿತ್ತು. ಏಳು ಜನರ ಆ ಮನೆಯಲ್ಲಿ ನಡೆದದ್ದೂ ನಫ್ಸಿ ನಫ್ಸಿಯೇ. ಕ್ಯಾರೆನ್ ತಾಯಿಯನ್ನು ಕರಣೆಯಿಂದ ಇರಿಯುವ ದೃಶ್ಯ ಅಜ್ಜಿಯ ಕಲ್ಪನೆಗೂ ಮೀರಿದ್ದು. ಆದರೆ ಅಜ್ಜಿಯ ಕಿಯಾಮತ್‌ನಲ್ಲಿ ಭಯದ ಜೊತೆ ಇನ್ನೊಂದೂ ಇತ್ತು. ಅಲ್ಲಿ ಸತ್ತವರು ಏಳುವುದೇ ವಿಚಾರಣೆಗೆ. ಕುರ್‌ಆನಿನ ತಕ್ವೀರ್ ಅಧ್ಯಾಯದಲ್ಲಿ ಜೀವಂತ ಹೂಳಲಾದ ಹೆಣ್ಣುಮಗುವಿನ ಪ್ರಸ್ತಾಪ ಬರುತ್ತದೆ. ಆ ದಿನ ಪ್ರಶ್ನೆ ಕೇಳುವುದು ಆ ಮಗುವನ್ನು, ಅವಳ ಕೊಲೆಯ ಕಾರಣ ಕುರಿತು. ರೊಮೆರೊನ ಲೋಕಾಂತ್ಯದಲ್ಲಿ ಹೆಣಗಳು ಎದ್ದವು, ಕೇಳುವವರು ಯಾರೂ ಬರಲಿಲ್ಲ. ನಾವು ಆ ರಾತ್ರಿ ನಿಜಕ್ಕೂ ಹೆದರಿದ್ದು ಇದಕ್ಕೆ.

ಟಿವಿಯಲ್ಲಿ ವೈದ್ಯನೊಬ್ಬ ಹೇಳುವ ಮಾತೊಂದಿದೆ: ಸತ್ತವರನ್ನು ತಕ್ಷಣ ಬೀದಿಗೆ ಎಳೆದು ಸುಡಿ, ಅಂತ್ಯಕ್ರಿಯೆಯ ಸಮಾಧಾನ ಬಿಟ್ಟುಬಿಡಿ ಎಂಬರ್ಥದ್ದು. 1968ರಲ್ಲಿ ಅದು ಕಥೆಯ ಅಗತ್ಯ. ಆದರೆ ಶ್ರೀಲಂಕಾ ಸರ್ಕಾರ ಕೋವಿಡ್‌ನಿಂದ ತೀರಿಕೊಂಡವರನ್ನೆಲ್ಲ ಸುಡಲೇಬೇಕೆಂದು 2020ರಲ್ಲಿ ಆಜ್ಞೆ ಹೊರಡಿಸಿ, ದಫನ್‌ಗೆ 2021ರ ಫೆಬ್ರವರಿಯ ಕೊನೆಯವರೆಗೂ ಅವಕಾಶ ಕೊಡದೆ ಹೋದದ್ದನ್ನು ಕಂಡ ಮೇಲೆ, ಆ ಮಾತು ಹಾರರ್ ಸಿನೆಮಾದ ಮಾತಾಗಿ ಕೇಳಿಸುವುದಿಲ್ಲ.

ಗುಂಡು ಹಾರಿದ ಮೇಲೆ ಚಿತ್ರ ಚಲಿಸುವುದಿಲ್ಲ. ಉಳಿದದ್ದೆಲ್ಲ ಸ್ಥಿರಚಿತ್ರಗಳು, ಅಗ್ಗದ ಪತ್ರಿಕೆಯಲ್ಲಿ ಅಚ್ಚಾದಂತೆ ಕಾಳುಕಾಳಾಗಿ. ಮಾಂಸದ ಕೊಕ್ಕೆ ಹಿಡಿದ ಕೈಗಳು, ಬೆನ್‌ನ ಮುಖ, ಸುತ್ತ ನಿಂತ ಗಂಡಸರು, ಸೌದೆಯ ರಾಶಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರನ್ನು ಗುಂಪುಗಳು ಕೊಂದು, ಹೆಣದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಅವನ್ನು ಅಂಚೆ ಕಾರ್ಡುಗಳಾಗಿ ಮಾರಿದ ಕಾಲವೊಂದಿತ್ತು. ಅಂಥ ಕಾರ್ಡುಗಳನ್ನು ಕಂಡವರಿಗೆ ಈ ಕೊನೆಯ ಎರಡು ಮೂರು ನಿಮಿಷಗಳ ವಿವರಣೆ ಬೇಕಿಲ್ಲ. ಚಿತ್ರದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ಹಂಚಿಕೆದಾರರನ್ನು ಹುಡುಕಿ ನ್ಯೂಯಾರ್ಕಿಗೆ ಹೋಗುತ್ತಿದ್ದಾಗ ರೇಡಿಯೋದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಬಂತು ಎಂದು ರೊಮೆರೊ ಸಂದರ್ಶನಗಳಲ್ಲಿ ನೆನೆಯುತ್ತಿದ್ದ. ಅದು 1968ರ ಏಪ್ರಿಲ್ 4. ಚಿತ್ರ ಅದಕ್ಕೂ ಮೊದಲೇ ಮುಗಿದಿತ್ತು. ಪಿಟ್ಸ್‌ಬರ್ಗಿನಲ್ಲಿ ಅದು ತೆರೆ ಕಂಡದ್ದು ಅಕ್ಟೋಬರ್ 1ರಂದು.

ಡ್ವೇನ್ ಜೋನ್ಸ್ ಮುಂದೆ ಕೆಲವೇ ಚಿತ್ರಗಳಲ್ಲಿ ನಟಿಸಿದ, ಹೆಚ್ಚು ಕಾಲ ಪಾಠ ಹೇಳಿ, ನಾಟಕ ಆಡಿಸಿ ಕಳೆದ. 1988ರಲ್ಲಿ ತೀರಿಕೊಂಡ. ರೊಮೆರೊ ಹೋದದ್ದು 2017ರಲ್ಲಿ. ಮೂಲ ನೆಗೆಟಿವ್‌ನಿಂದ ಸರಿಪಡಿಸಿದ ಪ್ರತಿಯೊಂದು 2016ರಲ್ಲಿ ಸಿದ್ಧವಾಗಿದೆ. ನೋಡುವವರು ಅದನ್ನೇ ಹುಡುಕಿ ನೋಡಿ. ಹಳೆಯ ಗೀಚು ಬಿದ್ದ ಪ್ರತಿಗಳಲ್ಲಿ ಕೊನೆಯ ಆ ಸ್ಥಿರಚಿತ್ರಗಳಲ್ಲಿರುವ ಮುಖಗಳು ಸರಿಯಾಗಿ ಕಾಣುವುದಿಲ್ಲ. ಅಲ್ಲಿ ನಿಂತ ಗಂಡಸರಲ್ಲಿ ಒಬ್ಬರಿಗೂ ಬೆನ್‌ನ ಹೆಸರು ಗೊತ್ತಿಲ್ಲ. ಗೊತ್ತಿದ್ದವರು ಆ ರಾತ್ರಿಯೇ ಸತ್ತಿದ್ದರು.